ಬಂಡೆಯ ಗಿಡಕ್ಕೆ ಬಾಳೆತೋಟದ ಕೈ

ಹಂಪಿಯ ಪಕ್ಕದ ಕಮಲಾಪುರದ ಕೆರೆ ಏರಿಯ ಮೇಲೆ ನಿಂತು ಸುತ್ತ ನೋಡಿದರೆ ಒಂದೇ ಊರಿನಲ್ಲಿ ಎರಡು ನೆಲ ಕಾಣುತ್ತವೆ. ತಗ್ಗಿನಲ್ಲಿ ವಿಜಯನಗರದ ಅರಸರ ಕಾಲದಿಂದ ಹರಿದು ಬರುತ್ತಿರುವ ಕಾಲುವೆ ನೀರು, ಆ ನೀರಿನ ಬಲದ ಮೇಲೆ ಬಾಳೆ, ಕಬ್ಬು, ಭತ್ತ, ತೆಂಗು. ತಲೆ ಎತ್ತಿದರೆ ಗ್ರಾನೈಟ್ ಬಂಡೆಗಳ ಗುಡ್ಡ. ಅಲ್ಲಿ ಮಣ್ಣೆಂದರೆ ಕಲ್ಲಿನ ಸಂದಿಯಲ್ಲಿ ಕೂತ ಒಂದು ಹಿಡಿ ಗರಸು, ನೀರೆಂದರೆ ಮಳೆ ಬಂದಾಗ ಒಂದಿಷ್ಟು ಹೊತ್ತು ಜಾರಿ ಹೋಗುವ ಪಸೆ. ಆ ಗರಸಿನಲ್ಲೇ ಕಳ್ಳಿ, ಮಂಗರವಳ್ಳಿ, ಕತ್ತಾಳೆ ಬೇರಿಳಿಸಿಕೊಂಡು ವರ್ಷಗಟ್ಟಲೆ ಬದುಕುತ್ತವೆ.

ಊರೊಳಗೆ ಬಂದರೆ ಮನೆ ಮುಂದಿನ ಕಟ್ಟೆಗಳ ಮೇಲೆ, ಬಣ್ಣದ ಡಬ್ಬಿ, ಎಣ್ಣೆ ಕ್ಯಾನು, ಬಿರುಕು ಬಿಟ್ಟ ಮಣ್ಣಿನ ಕೊಡಗಳಲ್ಲಿ ತುಳಸಿಯ ಪಕ್ಕಕ್ಕೆ ಲೋಳೆಸರ ಇದ್ದೇ ಇರುತ್ತದೆ. ಈಚೆಗೆ ಅದರ ಜೊತೆಗೆ ಹೊಸ ನೆಂಟರೂ ಸೇರಿಕೊಂಡಿದ್ದಾರೆ: ಅಂಗೈಯೊಳಗೆ ಹಿಡಿಸುವ ಹಾವರ್ಥಿಯಾ, ಹೂವಿನ ಆಕಾರದ ಎಚಿವೇರಿಯಾ, ಕೆಂಪು ತಲೆಯ ಕ್ಯಾಕ್ಟಸ್, ಹಾವಿನ ಮೈಯಂತೆ ಪಟ್ಟೆಯಿರುವ ಸ್ಯಾನ್ಸೆವೇರಿಯಾ. ಎಲೆಯಲ್ಲೋ ಕಾಂಡದಲ್ಲೋ ನೀರನ್ನು ಕೂಡಿಟ್ಟುಕೊಂಡು ಬದುಕುವ ಇಂಥ ಗಿಡಗಳನ್ನೆಲ್ಲ ನರ್ಸರಿಯವರು ಸಕ್ಯುಲೆಂಟ್ ಎಂಬ ಒಂದೇ ಹೆಸರಿನಲ್ಲಿ ಮಾರುತ್ತಾರೆ. ತಂದ ಮೊದಲ ವರ್ಷ ಚೆಂದ ಇರುತ್ತವೆ. ಬುಡದಲ್ಲಿ ಮರಿಗಳು ಮೂಡುತ್ತವೆ. ಪಕ್ಕದ ಮನೆಯವರು “ನಿಮ್ಮ ಗಿಡ ಮರಿ ಹಾಕೈತಲ್ರಿ ಅಕ್ಕಾ, ನಮಗೊಂದು ಕೊಡ್ರಿ” ಎಂದು ಕೇಳುತ್ತಾರೆ. ಕಿತ್ತು ಕೊಟ್ಟ ಮರಿ ಹದಿನೈದು ದಿನದಲ್ಲಿ ಕೊಳೆಯುತ್ತದೆ, ಕೆಲವೊಮ್ಮೆ ತಾಯಿಗಿಡವೂ ಅದರ ಹಿಂದೆಯೇ ಹೋಗುತ್ತದೆ.

ಇದಕ್ಕೆ ಕಾರಣ ಅಜ್ಞಾನವಲ್ಲ ಎಂದು ನಾನು ನಂಬುತ್ತೇನೆ. ಕಮಲಾಪುರ, ಹೊಸಪೇಟೆ, ಕಂಪ್ಲಿಯ ಜನಕ್ಕೆ ಮರಿಯಿಂದ ಬೆಳೆ ಎಬ್ಬಿಸುವ ವಿದ್ಯೆಯನ್ನು ಹೊರಗಿನವರು ಹೇಳಿಕೊಡಬೇಕಿಲ್ಲ, ಬಾಳೆ ಅದನ್ನು ಕಲಿಸಿದೆ. ತೊಂದರೆ ಏನೆಂದರೆ, ಅದೇ ಬಾಳೆತೋಟದ ಕೈ ಬಂಡೆಯ ಗಿಡವನ್ನೂ ಮುಟ್ಟುತ್ತದೆ. ಆ ವಿದ್ಯೆಯ ಒಂದು ಅರ್ಧ ಇಲ್ಲಿಗೆ ಹಾಗೇ ಒದಗುತ್ತದೆ, ಇನ್ನೊಂದು ಅರ್ಧ ಗಿಡವನ್ನು ಕೊಲ್ಲುತ್ತದೆ.

ಒದಗುವ ಅರ್ಧವನ್ನು ಮೊದಲು ನೋಡೋಣ. ನಾವು ತಿನ್ನುವ ಏಲಕ್ಕಿ ಬಾಳೆ, ಸುಗಂಧಿ ಬಾಳೆಗಳಲ್ಲಿ ಬೀಜವಿಲ್ಲ. ನೆಲದೊಳಗಿನ ಗಡ್ಡೆಯಿಂದ ಏಳುವ ಕಂದುಗಳೇ ಅವುಗಳ ಸಂತಾನ. ಲೋಳೆಸರದ ಕಥೆಯೂ ಹೆಚ್ಚು ಕಡಿಮೆ ಇದೇ. ಅರೇಬಿಯಾದ ಒಣ ಬೆಟ್ಟಗಳ ಕಡೆಯಿಂದ ಬಂದ ಈ ಗಿಡ ನಮ್ಮ ಮನೆಗಳಲ್ಲಿ ಹೂ ಬಿಟ್ಟರೂ ಬೀಜ ಕಟ್ಟುವುದು ಅಪರೂಪ. ತನ್ನದೇ ಪರಾಗದಿಂದ ಕಾಯಿ ಕಟ್ಟುವ ಶಕ್ತಿ ಅದಕ್ಕಿಲ್ಲ, ಒಂದೇ ತಾಯಿಯ ಮರಿಗಳೆಲ್ಲ ಒಂದೇ ಗಿಡದ ತುಂಡುಗಳಾದ್ದರಿಂದ ಅವು ಎಷ್ಟು ಕುಂಡಗಳಲ್ಲಿದ್ದರೂ ಪರಸ್ಪರ ನೆರವಾಗಲಾರವು. ಹೀಗಾಗಿ ಇವತ್ತು ನಮ್ಮ ಕಟ್ಟೆಗಳ ಮೇಲಿರುವ ಲೋಳೆಸರ ಕೈಯಿಂದ ಕೈಗೆ, ಮನೆಯಿಂದ ಮನೆಗೆ, ಮರಿಯಾಗಿಯೇ ಬಂದದ್ದು. ತವರಿನಿಂದ ಬಂದ ಹೆಣ್ಣುಮಗಳ ಚೀಲದಲ್ಲಿ, ಸೀರೆಯ ಗಂಟಿನ ಪಕ್ಕ, ಕಾಗದದಲ್ಲಿ ಸುತ್ತಿಕೊಂಡು ಬಂದದ್ದು.

ಮರಿ ಹುಟ್ಟುವ ಬಗೆ ಬಾಳೆಗೂ ಲೋಳೆಸರಕ್ಕೂ ಹೆಚ್ಚು ಕಡಿಮೆ ಒಂದೇ. ಕಾಂಡಕ್ಕೆ ಎಲೆ ಅಂಟಿರುವ ಕಡೆ ಒಂದು ಮೊಗ್ಗು ಮಲಗಿರುತ್ತದೆ. ತುದಿಯ ಕುಡಿ ಚುರುಕಾಗಿರುವತನಕ ಅಲ್ಲಿ ತಯಾರಾಗುವ ಆಕ್ಸಿನ್ ಎಂಬ ಚೋದಕ ಕೆಳಗಿಳಿದು ಈ ಮೊಗ್ಗುಗಳನ್ನು ಏಳಗೊಡುವುದಿಲ್ಲ. ಗಿಡ ಬಲಿತು, ಬುಡಕ್ಕೂ ತುದಿಗೂ ದೂರ ಹೆಚ್ಚಿದಾಗ, ಅಥವಾ ತುದಿಗೆ ಪೆಟ್ಟು ಬಿದ್ದಾಗ, ಆ ಹಿಡಿತ ಸಡಿಲವಾಗುತ್ತದೆ. ಬುಡದ ಮೊಗ್ಗು ಎದ್ದು ಎಲೆ ಬಿಡುತ್ತದೆ. ಮೊದಮೊದಲು ಅದಕ್ಕೆ ಸ್ವಂತ ಬೇರಿರುವುದಿಲ್ಲ, ತಾಯಿಯ ಕಾಂಡದಿಂದಲೇ ನೀರು, ಆಹಾರ. ಬರಬರುತ್ತ ತನ್ನ ಬುಡದಿಂದ ತಾನೇ ಬೇರಿಳಿಸುತ್ತದೆ. ತಾಯಿಯ ಆಸರೆಯಲ್ಲೇ ಸ್ವಂತ ಬೇರು ಬಂದಿರುವ ಈ ಹೊತ್ತೇ ಬೇರ್ಪಡಿಸುವ ಹೊತ್ತು. ಕಡ್ಡಿ ಮುರಿದು ನೆಡುವುದಕ್ಕಿಂತ ಮರಿ ಬಿಡಿಸುವುದು ಸುಲಭ ಎನ್ನುವುದು ಇದಕ್ಕೇ. ಅರ್ಧ ಕೆಲಸವನ್ನು ತಾಯಿಗಿಡ ಮೊದಲೇ ಮಾಡಿ ಮುಗಿಸಿರುತ್ತದೆ.

ಬಾಳೆ ಬೆಳೆಯುವವರು ಎಲ್ಲ ಕಂದನ್ನೂ ನೆಡುವುದಿಲ್ಲ. ಗಡ್ಡೆಯ ಆಳದಿಂದ ಎದ್ದ, ಸಪೂರ ಎಲೆಯ, ಬುಡ ದಪ್ಪಗಿರುವ ಕತ್ತಿ ಕಂದನ್ನು ಆರಿಸುತ್ತಾರೆ. ಮೇಲುಮೇಲೆ ಅಂಟಿಕೊಂಡು, ಬೇಗನೆ ಅಗಲ ಎಲೆ ಬಿಟ್ಟು ನೋಡಲು ಸೊಂಪಾಗಿರುವ ನೀರು ಕಂದನ್ನು ತೆಗೆದು ಹಾಕುತ್ತಾರೆ. ಸಕ್ಯುಲೆಂಟ್ ಮರಿಯನ್ನೂ ಇದೇ ಕಣ್ಣಿನಿಂದ ನೋಡಬೇಕು. ಎತ್ತರ ನೋಡಿ ಮರುಳಾಗಬಾರದು. ನೆರಳಿನಲ್ಲಿ ಬೆಳಕು ಹುಡುಕಿಕೊಂಡು ಸೊರಗಿ ಉದ್ದವಾದ ಮರಿಗಿಂತ, ಬುಡದಲ್ಲಿ ಗಟ್ಟಿಯಾಗಿ ಕೂತ ಕುಳ್ಳ ಮರಿ ಮೇಲು. ಲೋಳೆಸರದಲ್ಲಾದರೆ ಗುರುತು ಇನ್ನೂ ಸ್ಪಷ್ಟ. ಎಳೆಯ ಮರಿಯ ಎಲೆಗಳು ಎದುರು ಬದುರಾಗಿ ಎರಡೇ ಸಾಲಿನಲ್ಲಿ ಬರುತ್ತವೆ, ಮೈತುಂಬ ಬಿಳಿ ಮಚ್ಚೆ ಇರುತ್ತವೆ. ಮರಿ ಬಲಿಯುತ್ತ ಹೋದಂತೆ ಎಲೆಗಳು ಸುತ್ತಲೂ ತಿರುಗಿ ಹರಡಿಕೊಳ್ಳತೊಡಗುತ್ತವೆ, ಹೊಸ ಎಲೆಗಳಲ್ಲಿ ಮಚ್ಚೆ ಮಾಸುತ್ತದೆ. ಎಲೆ ತಿರುಗಲು ಶುರುವಾದ ಮರಿಗೆ ಸ್ವಂತ ಬೇರು ಬಂದಿರುತ್ತದೆ ಎಂದು ಸಾಮಾನ್ಯವಾಗಿ ನಂಬಬಹುದು. ಕನಿಷ್ಠ ನಾಲ್ಕು ಎಲೆ, ನಾಲ್ಕು ಬೆರಳಿನಷ್ಟು ಎತ್ತರ ಆಗುವವರೆಗೆ ಅದರ ತಂಟೆಗೆ ಹೋಗದಿರುವುದು ಒಳ್ಳೆಯದು. ಮಚ್ಚೆಯಿರುವುದು ಬೇರೆ ಜಾತಿ, ಔಷಧಕ್ಕೆ ಬಾರದ್ದು ಎಂದು ಮರಿಗಳನ್ನು ಕಿತ್ತೆಸೆಯುವವರಿದ್ದಾರೆ. ಅವು ಅದೇ ತಾಯಿಯ ಎಳೆಯ ಮೈ, ಅಷ್ಟೆ.

ಇಲ್ಲಿಯವರೆಗೆ ಬಾಳೆತೋಟದ ಬುದ್ಧಿ ಸರಿ. ಕಂದು ಬಿಡಿಸಿದ ಮೇಲೆ ಗೊಬ್ಬರ ಹಾಕಿದ ಕಪ್ಪು ಮಣ್ಣಿನ ಗುಂಡಿಗೆ ಇಳಿಸಿ ಕೂಡಲೇ ನೀರು ಬಿಡುತ್ತೇವಲ್ಲ, ದಾರಿಗಳು ಕವಲಾಗುವುದು ಅಲ್ಲೇ. ಬಂಡೆಯ ಗಿಡ ನೀರನ್ನು ಬಳಸುವ ರೀತಿಯೇ ಬೇರೆ ಎಂಬುದನ್ನು ಅರಿಯದೆ ಮುಂದಿನ ಹೆಜ್ಜೆ ಇಡಲಾಗದು. ಈ ಗುಟ್ಟಿನ ಒಂದು ಹಳೆಯ ಸುಳಿವು ಸಿಕ್ಕಿದ್ದು ನಮ್ಮ ದಕ್ಷಿಣ ಭಾರತದಲ್ಲೇ.

ಬೆಂಜಮಿನ್ ಹೈನ್ ಎಂಬ ಜರ್ಮನ್ ಸಸ್ಯಶಾಸ್ತ್ರಜ್ಞ ಈಸ್ಟ್ ಇಂಡಿಯಾ ಕಂಪನಿಯ ಸೇವೆಯಲ್ಲಿದ್ದ. ಟಿಪ್ಪು ಸುಲ್ತಾನ ಮಡಿದ ಮೇಲೆ ಬೆಂಗಳೂರಿನ ಲಾಲ್‌ಬಾಗ್ ಕೆಲಕಾಲ ಅವನ ಉಸ್ತುವಾರಿಯಲ್ಲಿತ್ತು. ಹಂಪಿಯ ಅವಶೇಷಗಳ ಮೊದಲ ನಕಾಶೆ ತಯಾರಿಸಿದ ಕಾಲಿನ್ ಮೆಕೆಂಜಿಯ ಮೈಸೂರು ಸರ್ವೆಯಲ್ಲೂ ಅವನು ಕೆಲಸ ಮಾಡಿದ. ಅವನ ತೋಟದಲ್ಲಿ ಕಾಡುಬಸಳೆ ಇತ್ತು, ಮೂತ್ರದ ಕಲ್ಲಿಗೆಂದು ನಮ್ಮ ಕಡೆ ಇಂದಿಗೂ ಎಲೆ ಜಗಿಯುವ ಅದೇ ಗಿಡ. ಹೈನ್ ಅದರ ಎಲೆಯನ್ನು ದಿನದ ಬೇರೆ ಬೇರೆ ಹೊತ್ತಿನಲ್ಲಿ ಬಾಯಿಗೆ ಹಾಕಿಕೊಂಡು ನೋಡಿದ. ಬೆಳಗ್ಗೆ ತಿಂದರೆ ಹುಳಿ, ಮಧ್ಯಾಹ್ನಕ್ಕೆ ರುಚಿಯೇ ಇಲ್ಲ, ಸಂಜೆಗೆ ಸ್ವಲ್ಪ ಕಹಿ. ಈ ಸಂಗತಿಯನ್ನು ಅವನು ಬರೆದು ಕಳಿಸಿದ ಪತ್ರ 1815ರಲ್ಲಿ ಲಂಡನ್ನಿನ ಲಿನ್ನಿಯನ್ ಸೊಸೈಟಿಯ ಸಂಪುಟದಲ್ಲಿ ಅಚ್ಚಾಯಿತು. ನಾಲಗೆಯೊಂದನ್ನೇ ಸಾಧನ ಮಾಡಿಕೊಂಡು ನಡೆದ ಇಂಥ ಪ್ರಯೋಗ ಇಷ್ಟು ದೂರ ಹೋದದ್ದು ನನಗೆ ಇವತ್ತಿಗೂ ಬೆರಗು.

ಆ ಹುಳಿಯ ಅರ್ಥ ಪೂರ್ತಿ ಬಿಡಿಸಿಕೊಂಡದ್ದು ಇಪ್ಪತ್ತನೆಯ ಶತಮಾನದಲ್ಲಿ. ಬಾಳೆ, ಭತ್ತದಂಥ ಗಿಡಗಳು ಹಗಲು ಎಲೆಯ ರಂಧ್ರಗಳನ್ನು ತೆರೆದು ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಗೆಳೆದುಕೊಳ್ಳುತ್ತವೆ. ರಂಧ್ರ ತೆರೆದಷ್ಟು ಹೊತ್ತೂ ನೀರು ಆವಿಯಾಗಿ ಹೋಗುತ್ತದೆ. ಕಾಲುವೆ ಇದ್ದರೆ ಅದರ ಚಿಂತೆಯಿಲ್ಲ. ಬಂಡೆಯ ಮೇಲಿನ ಗಿಡ ಹಗಲು ರಂಧ್ರ ತೆರೆದರೆ ಕೆಟ್ಟಿತು. ಅದು ರಾತ್ರಿ ತಂಪಿನಲ್ಲಿ ತೆರೆದು, ಗಾಳಿಯಿಂದ ಪಡೆದದ್ದನ್ನು ಮ್ಯಾಲಿಕ್ ಆಮ್ಲವಾಗಿ ಎಲೆಯಲ್ಲಿ ಕೂಡಿಟ್ಟು, ಬೆಳಗಾದ ಮೇಲೆ ಬಾಗಿಲು ಹಾಕಿಕೊಂಡು ಬಿಸಿಲಿನ ನೆರವಿನಿಂದ ಆಹಾರ ಮಾಡಿಕೊಳ್ಳುತ್ತದೆ. ಹೈನ್ ಬೆಳಗ್ಗೆ ಸವಿದ ಹುಳಿ ರಾತ್ರಿಯ ಆ ದಾಸ್ತಾನು. ಕಾಡುಬಸಳೆಯ ಕುಟುಂಬವಾದ ಕ್ರಾಸುಲೇಸೀ ಹೆಸರನ್ನೇ ಈ ಕ್ರಮಕ್ಕೂ ಇಟ್ಟಿದ್ದಾರೆ. ಒಂದು ಗ್ರಾಂ ಡೈಆಕ್ಸೈಡ್ ಒಳಗೆ ತರಲು ಭತ್ತದಂಥ ಗಿಡ ಸುಮಾರು 400ರಿಂದ 500 ಗ್ರಾಂ ನೀರು ಕಳೆದುಕೊಂಡರೆ, ಈ ಗಿಡಗಳಿಗೆ 50ರಿಂದ 100 ಗ್ರಾಂ ಸಾಕು.

ಹೀಗಿದ್ದರೂ, ಕನಿಷ್ಠ ನಾಲ್ಕು ಪಟ್ಟು ಕಡಿಮೆ ನೀರಿನಲ್ಲಿ ಬದುಕುವ ಗಿಡಕ್ಕೆ ನಾವು ದಿನಕ್ಕೊಂದು ಚೊಂಬು ಹೊಯ್ಯುತ್ತೇವೆ. ಒದ್ದೆ ಮಣ್ಣಿನಲ್ಲಿ ಬೇರಿಗೆ ಗಾಳಿ ಸಿಗದು, ಶಿಲೀಂಧ್ರಗಳಿಗೆ ಹಬ್ಬ. ಮರಿ ಬಿಡಿಸಿದಾಗ ಅದರ ಬುಡದಲ್ಲಿ ಹಸಿ ಗಾಯ ಇರುತ್ತದೆ, ನೀರು ತುಂಬಿದ ಮೆದು ಮೈ, ಯಾವ ರೋಗಾಣುವಿಗೂ ಬಾಗಿಲು ತೆರೆದ ಮನೆ. ಬಿಡಿಸಿದ ಮರಿ ಹದಿನೈದು ದಿನದಲ್ಲಿ ಕೊಳೆಯುವುದು ಹೀಗೆ. ಬಾಯಾರಿಕೆಯಿಂದ ಸತ್ತ ಸಕ್ಯುಲೆಂಟ್ ಮರಿ ನಮ್ಮ ಸೀಮೆಯಲ್ಲಿ ಬಹಳ ಕಡಿಮೆ.

ಬಾಗಿಲಿಗೆ ದೃಷ್ಟಿಗೆಂದು ಬೇರು ಮೇಲಾಗಿ ಕಟ್ಟುವ ಲೋಳೆಸರವನ್ನೇ ನೋಡಿ. ಮಣ್ಣಿಲ್ಲ, ನೀರಿಲ್ಲ, ತಲೆ ಕೆಳಗೆ. ತಿಂಗಳುಗಟ್ಟಲೆ ಹಸಿರಾಗಿರುತ್ತದೆ, ತುದಿಯನ್ನು ಬೆಳಕಿನತ್ತ ಮೇಲಕ್ಕೆ ಬಾಗಿಸಿಕೊಳ್ಳುತ್ತದೆ, ಕೆಲವು ಮನೆಗಳಲ್ಲಿ ಹಾಗೆಯೇ ಹೂವಿನ ಕೋಲನ್ನೂ ಹೊರಡಿಸುತ್ತದೆ. ತೂಗುತ್ತಲೇ ಅಷ್ಟು ದಿನ ಬದುಕುವ ಗಿಡದ ಮರಿಯನ್ನು ಬೇರ್ಪಡಿಸಿ ಒಂದು ವಾರ ಒಣಗಲು ಬಿಟ್ಟರೆ ಏನೂ ಆಗುವುದಿಲ್ಲ ಎಂದು ನಂಬಲು ಇದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ.

ಕಾಲ ಆರಿಸುವುದರಲ್ಲಿ ಕಮಲಾಪುರಕ್ಕೆ ತನ್ನದೇ ಲೆಕ್ಕವಿದೆ. ಉತ್ತರದ ಚಳಿ ದೇಶಗಳ ಪುಸ್ತಕಗಳಲ್ಲಿ ವಸಂತ, ಬೇಸಿಗೆಗಳಲ್ಲಿ ಮರಿ ಬಿಡಿಸಿ ಎಂದಿರುತ್ತದೆ. ಆ ಮಾತನ್ನು ಇಲ್ಲಿ ಏಪ್ರಿಲ್, ಮೇ ತಿಂಗಳಿಗೆ ಹೊಂದಿಸಿದರೆ ಅನಾಹುತ. ಹಗಲು ನಲವತ್ತು ಡಿಗ್ರಿ ದಾಟುತ್ತದೆ. ಅದಕ್ಕಿಂತ ಮುಖ್ಯ, ಹಗಲೆಲ್ಲ ಕಾದ ಬಂಡೆ, ಕಲ್ಲಿನ ಕಟ್ಟೆ, ತಾರಸಿಗಳು ರಾತ್ರಿಯಿಡೀ ಆ ಬಿಸಿಯನ್ನು ಬಿಡುತ್ತಲೇ ಇರುತ್ತವೆ. ರಾತ್ರಿ ತಂಪಾಗದಿದ್ದರೆ ಈ ಗಿಡಗಳು ರಂಧ್ರ ಸರಿಯಾಗಿ ತೆರೆಯಲಾರವು, ಬೆಳವಣಿಗೆ ನಿಂತು ಸುಮ್ಮನೆ ಜೀವ ಹಿಡಿದುಕೊಂಡಿರುತ್ತವೆ. ಅಂಥ ಹೊತ್ತಿನಲ್ಲಿ ಗಾಯ ಮಾಡಬಾರದು. ಮುಂಗಾರು ಇಲ್ಲಿ ಗಾಳಿಯ ಕಾಲ, ಮೃಗಶಿರಾ, ಆರಿದ್ರಾ ಮಳೆಗಳು ಬಂದರೂ ನಡುವೆ ಒಣ ದಿನಗಳು ಸಿಗುತ್ತವೆ. ಆಗ ಬಿಡಿಸಬಹುದು. ಈ ಭಾಗಕ್ಕೆ ಗಟ್ಟಿ ಮಳೆ ಬರುವುದು ಉತ್ತರಾ, ಹಸ್ತಾ ಹೊತ್ತಿಗೆ, ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಮೊದಲವರೆಗೆ. ಆಗ ಬೇಡ. ಎಲ್ಲಕ್ಕಿಂತ ಒಳ್ಳೆಯದು ದೀಪಾವಳಿ ಕಳೆದು ಸಂಕ್ರಾಂತಿಯವರೆಗಿನ ದಿನಗಳು. ಗಾಳಿ ಒಣಗಿರುತ್ತದೆ, ರಾತ್ರಿ ತಂಪಿರುತ್ತದೆ, ಬಿಸಿಲು ಹದವಾಗಿರುತ್ತದೆ. ಬೇಸಿಗೆ ಬರುವುದರೊಳಗೆ ಬೇರು ಕೂರಲು ಮೂರು ತಿಂಗಳ ಬಿಡುವೂ ಸಿಗುತ್ತದೆ.

ಮಣ್ಣಿನ ವಿಷಯಕ್ಕೆ ಬರೋಣ. ಗದ್ದೆಯ ಕಪ್ಪು ಮಣ್ಣನ್ನು ಕುಂಡಕ್ಕೆ ತುಂಬಬೇಡಿ. ನೀರು ಕುಡಿದರೆ ಉಬ್ಬಿ ಅಂಟಾಗುತ್ತದೆ, ಒಣಗಿದರೆ ಬಿರಿದು ಎಳೆ ಬೇರನ್ನು ಹರಿಯುತ್ತದೆ. ಗುಡ್ಡದ ಬುಡದಲ್ಲಿ ಬಂಡೆ ಸವೆದು ಉದುರಿದ ಗರಸು ಹೇಗಿರುತ್ತದೆಯೋ ಅಂಥದ್ದು ಬೇಕು. ಅದಕ್ಕಾಗಿ ಹಂಪಿಯ ಗುಡ್ಡ ಕೆರೆಯಬೇಕಿಲ್ಲ. ಮನೆ ಕಟ್ಟುವ ಕಡೆ ಜರಡಿ ಹಿಡಿದು ಉಳಿದ ದಪ್ಪ ಮರಳು, ಎಂ-ಸ್ಯಾಂಡಿನ ಒರಟು ಕಾಳು, ಒಡೆದ ಇಟ್ಟಿಗೆ ಚೂರು ಇವೇ ಸಾಕು. ಮೂರು ಪಾಲು ಇಂಥ ಗರಸಿಗೆ ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಎರೆಗೊಬ್ಬರ. ಕಂಪ್ಲಿ ಕಡೆಯವರಿಗೆ ಅಕ್ಕಿ ಗಿರಣಿಯ ಸುಟ್ಟ ಹೊಟ್ಟು ಸುಲಭವಾಗಿ ಸಿಗುತ್ತದೆ, ಕಪ್ಪಗೆ ಕರಕಲಾದದ್ದನ್ನು ಒಂದೆರಡು ಹಿಡಿ ಸೇರಿಸಿದರೆ ಮಣ್ಣು ಹಗುರಾಗುತ್ತದೆ. ಬೆಳ್ಳಗಾದ ಬೂದಿ ಮಾತ್ರ ಬೇಡ, ಅದರಲ್ಲಿ ಕ್ಷಾರ ಜಾಸ್ತಿ. ಧೂಳನ್ನು ಜರಡಿಯಲ್ಲಿ ತೆಗೆದುಬಿಡಬೇಕು, ಕುಂಡದ ತಳದಲ್ಲಿ ಗಟ್ಟಿ ಪದರವಾಗಿ ಕೂತು ನೀರನ್ನು ತಡೆಯುವುದು ಆ ಧೂಳೇ. ಪ್ಲಾಸ್ಟಿಕ್ಕಿಗಿಂತ ಕುಂಬಾರರ ಮಣ್ಣಿನ ಕುಂಡ ಸಾವಿರ ಪಾಲು ಮೇಲು, ಅದರ ಮೈಯೆಲ್ಲ ಉಸಿರಾಡುತ್ತದೆ. ತಳಕ್ಕೆ ತೂತು ಇಲ್ಲದ ಚೆಂದದ ಪಿಂಗಾಣಿ ಬಟ್ಟಲುಗಳಲ್ಲಿ ಈ ಗಿಡಗಳನ್ನು ಕೂರಿಸಿ ಮಾರುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಇನ್ನು ಬಿಡಿಸುವ ಕೆಲಸ. ಅದಕ್ಕೆ ಒಂದು ವಾರ ಮೊದಲೇ ನೀರು ನಿಲ್ಲಿಸಬೇಕು. ಒಣಗಿದ ಮಣ್ಣು ಬೇರಿನಿಂದ ತಾನೇ ಉದುರುತ್ತದೆ, ಗಿಡವೂ ಸ್ವಲ್ಪ ಸಡಿಲವಾಗಿ ಎಲೆ ಪಟ್ಟನೆ ಮುರಿಯುವುದಿಲ್ಲ. ಮರಿಯನ್ನು ಹಿಡಿದು ಮೇಲಕ್ಕೆಳೆದು ಕೀಳುವ ಆಸೆ ಬೇಡ, ಬೇರು ತಾಯಿಯ ಜೊತೆಗೇ ಉಳಿದು ಬರೀ ಎಲೆ ಕೈಗೆ ಬರುತ್ತದೆ. ಕುಂಡವನ್ನು ಓರೆ ಮಾಡಿ, ಸುತ್ತ ತಟ್ಟಿ, ಗಿಡವನ್ನು ಮಣ್ಣಿನ ಹೆಂಟೆಯ ಸಮೇತ ಹೊರಗೆ ತೆಗೆಯಿರಿ. ಮಣ್ಣನ್ನು ಬೆರಳಿನಿಂದ ಬಿಡಿಸಿದರೆ ಯಾವ ಮರಿ ಎಲ್ಲಿ ಅಂಟಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಕೆಲವು ತಾಯಿಯ ಕಾಂಡಕ್ಕೇ ಕೂತಿರುತ್ತವೆ, ಕೆಲವು ನೆಲದೊಳಗೆ ಒಂದು ಬೆರಳಿನಷ್ಟು ದಪ್ಪದ ಬಳ್ಳಿಯ ತುದಿಯಲ್ಲಿ ದೂರ ಎದ್ದಿರುತ್ತವೆ. ಬುಡದಲ್ಲಿ ಹಿಡಿದು ಪಕ್ಕಕ್ಕೆ ಮೆಲ್ಲಗೆ ಅಲುಗಿಸಿದರೆ ಬಲಿತ ಮರಿ ತಾನಾಗಿ ಕಳಚಿಕೊಳ್ಳುತ್ತದೆ. ಕಳಚದಿದ್ದರೆ ಚೂಪಾದ ಚಾಕುವನ್ನು ಬೆಂಕಿಗೆ ಹಿಡಿದೋ ಸ್ಪಿರಿಟ್ಟಿನಲ್ಲಿ ಒರೆಸಿಯೋ ಒಂದೇ ಏಟಿಗೆ ಕತ್ತರಿಸಬೇಕು. ಮೊಂಡು ಕತ್ತಿಯಿಂದ ಜಜ್ಜಿದ ಗಾಯ ಮಾಯುವುದು ನಿಧಾನ. ಲೋಳೆಸರ ಕುಯ್ದಾಗ ಒಸರುವ ಹಳದಿ ರಸ ಬಟ್ಟೆಗೆ ಕಲೆ, ಕೆಲವರ ಚರ್ಮಕ್ಕೆ ತುರಿಕೆ. ಅಂಗಡಿಯಲ್ಲಿ ಕರಿಬೋಳ ಎಂದು ಸಿಗುವುದು ಈ ರಸ ಒಣಗಿದ್ದೇ, ಬಲವಾದ ಭೇದಿ ಮದ್ದು.

ಬೇರ್ಪಟ್ಟ ಮರಿಗಳನ್ನು ನೆರಳಿರುವ, ಗಾಳಿಯಾಡುವ ಕಡೆ ಕಾಗದದ ಮೇಲೆ ಹರಡಿ ಬಿಡಬೇಕು. ಚಳಿಗಾಲದ ಒಣ ಹವೆಗೆ ಎರಡು ಮೂರು ದಿನ ಸಾಕು, ಮಳೆಗಾಲದಲ್ಲಿ ಐದಾರು ದಿನ, ಗಾಯ ದೊಡ್ಡದಿದ್ದರೆ ವಾರ. ಅಷ್ಟರಲ್ಲಿ ಗಾಯದ ಮೇಲೆ ತೊಗಟೆಯಂಥ ಪದರ ಕಟ್ಟುತ್ತದೆ, ಮುಟ್ಟಿದರೆ ಬೆರಳಿಗೆ ಪಸೆ ಅಂಟುವುದಿಲ್ಲ. ಅರಿಶಿಣವನ್ನೋ ಇದ್ದಿಲ ಪುಡಿಯನ್ನೋ ಹಚ್ಚುವವರು ಹಚ್ಚಲಿ, ಕೇಡಿಲ್ಲ, ಆದರೆ ಕಾಪಾಡುವುದು ಆ ಒಣಗುವಿಕೆ. ಆಮೇಲೆ ಬುಡ ಮುಚ್ಚುವಷ್ಟೇ ಆಳಕ್ಕೆ, ಒಣ ಮಣ್ಣಿನಲ್ಲಿ ಕೂರಿಸಬೇಕು. ಆಳವಾಗಿ ಹೂತು ಎಲೆಯ ನಡು ಮಣ್ಣಿಗೆ ತಾಗಿದರೆ ಅಲ್ಲಿಂದಲೇ ಕೊಳೆ ಹತ್ತುತ್ತದೆ. ಅಲುಗಾಡಿದರೆ ಸುತ್ತ ನಾಲ್ಕು ಬೆಣಚುಕಲ್ಲಿಟ್ಟು ನಿಲ್ಲಿಸಿ.

ನೆಟ್ಟ ದಿನ ನೀರು ಹಾಕಬೇಡಿ. ಇಡೀ ಲೇಖನದಲ್ಲಿ ಒಂದೇ ಸಾಲು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ನೆಡುವುದೆಂದರೆ ನೀರು ಬಿಡುವುದು ಎಂದು ಕಾಲುವೆ ನಮಗೆ ಕಲಿಸಿದೆ, ಕೈ ತಾನಾಗಿ ಚೊಂಬಿಗೆ ಹೋಗುತ್ತದೆ. ತಡೆದುಕೊಳ್ಳಬೇಕು. ಮಣ್ಣಿನಲ್ಲಿ ಕೂರಿಸುವಾಗ ಮುರಿದ ಸಣ್ಣ ಸಣ್ಣ ಬೇರುಗಳ ಗಾಯ ಮಾಯಲು ಐದರಿಂದ ಏಳು ದಿನ ಬೇಕು. ಆಮೇಲೆ ಕುಂಡದ ತಳದಿಂದ ಹರಿಯುವಷ್ಟು ಒಮ್ಮೆ ಧಾರಾಳವಾಗಿ ಹಾಕಿ, ಮಣ್ಣು ಪೂರ್ತಿ ಒಣಗುವವರೆಗೆ ಮತ್ತೆ ಮುಟ್ಟದಿರುವುದು. ಗುಡ್ಡದ ಮಳೆಯೂ ಹೀಗೆಯೇ, ಬಂದರೆ ತೊಳೆದು ಹೋಗುವಂತೆ, ಇಲ್ಲದಿದ್ದರೆ ಇಲ್ಲ. ದಿನಾ ಒಂದೊಂದು ಚಮಚ ಚಿಮುಕಿಸುವುದು ಕೇಡು. ಬೋರ್‌ವೆಲ್ಲಿನ ಗಡಸು ನೀರಿಗಿಂತ ಹಿಡಿದಿಟ್ಟ ಮಳೆ ನೀರು ಒಳ್ಳೆಯದು, ಗಡಸು ನೀರು ಎಲೆಯ ಮೇಲೆ ಬಿಳಿ ಕರೆ ಉಳಿಸುತ್ತದೆ.

ಮೊದಲ ಕೆಲವು ವಾರ ಮರಿ ಮಂಕಾಗುತ್ತದೆ. ಎಲೆ ತೆಳ್ಳಗಾಗಿ ಒಳಕ್ಕೆ ಬಾಗುತ್ತದೆ, ಬಿಸಿಲಿದ್ದರೆ ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ಅದು ಸಾಯುತ್ತಿಲ್ಲ, ಕೂಡಿಟ್ಟ ನೀರನ್ನು ಖರ್ಚು ಮಾಡಿ ಬೇರು ಬಿಡುತ್ತಿದೆ. ಬೆಳಗಿನ ಎಳೆ ಬಿಸಿಲು ಬಿದ್ದು ಮಧ್ಯಾಹ್ನಕ್ಕೆ ನೆರಳಾಗುವ ಕಡೆಗೆ ಸರಿಸಿ ಬಿಟ್ಟುಬಿಡಿ. ಬೇರು ಬಂದಿದೆಯೇ ಎಂದು ಕಿತ್ತು ನೋಡುವ ಚಪಲ ಬಹಳ ಮರಿಗಳನ್ನು ಬಲಿ ತೆಗೆದುಕೊಂಡಿದೆ. ನಡುವಿನ ಕುಡಿಯಲ್ಲಿ ಹೊಸ ಹಸಿರು ಕಂಡರೆ ಕೆಳಗೆ ಬೇರು ಕೂತಿದೆ ಎಂದರ್ಥ.

ಬೇರೆ ಬೇರೆ ಗಿಡಗಳ ಸ್ವಭಾವ ಬೇರೆ ಬೇರೆ. ಹಾವರ್ಥಿಯಾ, ಗ್ಯಾಸ್ಟೇರಿಯಾಗಳು ಲೋಳೆಸರದ ಬಳಗವೇ, ಅದೇ ಕ್ರಮ ಸಾಕು. ಲೋಳೆಸರದ ಎಲೆಯೊಂದನ್ನೇ ನೆಟ್ಟರೆ ಗಿಡವಾಗುವುದಿಲ್ಲ, ಮೊಗ್ಗಿಲ್ಲದ ಎಲೆ ಕೊಳೆಯುತ್ತದೆ ಅಷ್ಟೇ. ಎಚಿವೇರಿಯಾದ ಒಂದು ಎಲೆ ಬುಡಸಮೇತ ಕಳಚಿ ಗರಸಿನ ಮೇಲಿಟ್ಟರೆ ಗಿಡ ಬರುತ್ತದೆ. ಕಾಡುಬಸಳೆಯಂತೂ ಎಲೆಯ ಅಂಚಿನ ಕಚ್ಚುಗಳಲ್ಲೇ ಪುಟ್ಟ ಪುಟ್ಟ ಸಸಿ ಹೊತ್ತುಕೊಂಡಿರುತ್ತದೆ. ಸ್ಯಾನ್ಸೆವೇರಿಯಾದ ಎಲೆಯನ್ನು ತುಂಡು ಮಾಡಿ ನೆಟ್ಟರೂ ಬೇರು ಬರುತ್ತದೆ, ಆದರೆ ಹಳದಿ ಅಂಚಿನ ಜಾತಿಯಾದರೆ ತುಂಡಿನಿಂದ ಬರುವ ಹೊಸ ಗಿಡ ಬರೀ ಹಸಿರು. ಆ ಹಳದಿ ಇರುವುದು ಬೇರೆ ಬಗೆಯ ಜೀವಕೋಶಗಳ ಒಂದು ಪದರದಲ್ಲಿ, ಎಲೆಯ ತುಂಡಿನಿಂದ ಹೊಸ ಕುಡಿ ಮೂಡುವಾಗ ಆ ಜೋಡಣೆ ಉಳಿಯುವುದಿಲ್ಲ. ನೆಲದೊಳಗಿನ ಗಡ್ಡೆಬಳ್ಳಿಯನ್ನು ಕತ್ತರಿಸಿ ಮರಿ ಬಿಡಿಸಿದರೆ ಮಾತ್ರ ಅಂಚು ಹಾಗೇ ಉಳಿಯುತ್ತದೆ.

ಕೆಂಪು, ಹಳದಿ ತಲೆಯ ಕ್ಯಾಕ್ಟಸ್ ಬಗ್ಗೆ ಬೇರೆಯೇ ಎಚ್ಚರಿಕೆ ಬೇಕು. ಅದರ ತಲೆಯ ಸುತ್ತ ಚೆಂದದ ಮರಿಗಳೇಳುತ್ತವೆ, ಮಕ್ಕಳು ಬಿಡಿಸಿ ನೆಡುತ್ತಾರೆ, ಎಲ್ಲವೂ ಸಾಯುತ್ತವೆ. ಆ ತಲೆಯಲ್ಲಿ ಪತ್ರಹರಿತ್ತೇ ಇಲ್ಲ, ತನ್ನ ಆಹಾರ ತಾನು ಮಾಡಿಕೊಳ್ಳಲಾರದು. ಕೆಳಗಿನ ಹಸಿರು ಕಂಬ ಡ್ರ್ಯಾಗನ್ ಫ್ರೂಟ್ ಬಳಗದ ಇನ್ನೊಂದು ಗಿಡ, ತಲೆಯನ್ನು ಅದಕ್ಕೆ ಕಸಿ ಕಟ್ಟಿರುತ್ತಾರೆ. ಮರಿಯನ್ನು ಬಿಡಿಸಿದರೆ ಮತ್ತೆ ಅಂಥದೇ ಕಂಬಕ್ಕೆ ಕಸಿ ಕಟ್ಟಬೇಕು. ಮಾರುವವರು ಇದನ್ನು ಹೇಳಿ ಮಾರಿದರೆ ಎಷ್ಟೋ ಮಕ್ಕಳ ಬೇಸರ ತಪ್ಪುತ್ತದೆ.

ಕಳ್ಳಿಗಳ ಬಿಳಿ ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ, ಕೈಗವಸು ಹಾಕಿಕೊಂಡೇ ಮುಟ್ಟಬೇಕು. ಹೊಲದ ಬದುವಿನ ಕತ್ತಾಳೆಯ ರಸವೂ ಚರ್ಮ ಉರಿಸುತ್ತದೆ. ಅದು ಹಲವು ವರ್ಷ ಬೆಳೆದು, ಒಮ್ಮೆ ಮರದೆತ್ತರದ ಹೂಗೋಲು ಎಬ್ಬಿಸಿ ಒಣಗಿ ಹೋಗುತ್ತದೆ. ಅಷ್ಟರಲ್ಲಿ ಬುಡದ ತುಂಬ ಮರಿಗಳನ್ನು ಬಿಟ್ಟಿರುತ್ತದೆ, ಕೆಲವು ಜಾತಿಗಳು ಹೂಗೋಲಿನ ಮೇಲೂ ಮರಿ ಕಟ್ಟಿ ಕೆಳಗೆ ಉದುರಿಸುತ್ತವೆ.

ಎಷ್ಟು ವರ್ಷ ಕಾದರೂ ಮರಿಯೇ ಹಾಕದ ಒಂಟಿ ಗಿಡಗಳೂ ಇವೆ. ತುದಿಯ ಹಿಡಿತದ ಮಾತು ಇಲ್ಲಿ ಕೆಲಸಕ್ಕೆ ಬರುತ್ತದೆ. ಎಚಿವೇರಿಯಾದ ತಲೆಯನ್ನು ಕೆಳಗೆ ಒಂದಿಷ್ಟು ಕಾಂಡ ಉಳಿಯುವಂತೆ ತೆಳುವಾದ ಗಟ್ಟಿ ದಾರದಿಂದ ಕತ್ತರಿಸಿ, ತಲೆಯನ್ನು ಒಣಗಿಸಿ ಬೇರೆ ಕುಂಡದಲ್ಲಿ ನೆಟ್ಟರೆ ಅದು ಬೇರು ಬಿಡುತ್ತದೆ. ಉಳಿದ ಮೋಟು ಕಾಂಡದ ಸುತ್ತ, ಮಲಗಿದ್ದ ಮೊಗ್ಗುಗಳೆಲ್ಲ ಕೆಲವೇ ವಾರದಲ್ಲಿ ಏಳುತ್ತವೆ. ಕೈ ನಡುಗುವುದು ಸಹಜ. ಒಂದೇ ಗಿಡ ಇದ್ದರೆ ಮಾತ್ರ ಈ ಸಾಹಸ ಬೇಡ.

ಮರಿಯ ಜೊತೆ ರೋಗವೂ ಬರುತ್ತದೆ ಎಂಬುದನ್ನು ಬಾಳೆಯವರಿಗೆ ಹೇಳಬೇಕಿಲ್ಲ. ನಂಜನಗೂಡಿನ ರಸಬಾಳೆಯನ್ನು ಅಳಿವಿನಂಚಿಗೆ ತಂದ ಪನಾಮಾ ಸೊರಗು ರೋಗ ಸೋಂಕಿದ ಕಂದಿನ ಮೂಲಕವೇ ತೋಟದಿಂದ ತೋಟಕ್ಕೆ ಹೋಗುತ್ತದೆ. ಒಂದೇ ತಾಯಿಯ ತುಂಡುಗಳಾದ್ದರಿಂದ ಒಂದಕ್ಕೆ ತಗುಲಿದ್ದು ಎಲ್ಲಕ್ಕೂ ತಗುಲಬಲ್ಲದು. ಸಕ್ಯುಲೆಂಟ್‌ಗಳಲ್ಲಿ ದೊಡ್ಡ ಕಾಟ ಹಿಟ್ಟು ತಿಗಣೆಯದು. ಎಲೆಯ ಸಂದಿಯಲ್ಲಿ ಹತ್ತಿಯಂತೆ ಕಾಣುವುದು ಸರಿ, ಬೇರಿನಲ್ಲಿ ಅಡಗಿರುವುದು ಕುಂಡ ಬಿಚ್ಚಿದಾಗ ಮಾತ್ರ ಕಾಣುತ್ತದೆ. ಮರಿ ಬಿಡಿಸುವ ದಿನ ಬೇರನ್ನೆಲ್ಲ ಕಣ್ಣಾಡಿಸಿ, ಬಿಳಿ ಪುಡಿ ಕಂಡರೆ ತೊಳೆದು ಒಣಗಿಸಿ, ಹಳೆ ಮಣ್ಣನ್ನು ದೂರ ಬಿಸಾಡಬೇಕು. ನರ್ಸರಿಯಿಂದ ತಂದ ಗಿಡವಾದರೆ ಬೇರಿಗೆ ಅಂಟಿದ ಕೊಕೊಪೀಟ್ ಉಂಡೆಯನ್ನೂ ಬಿಡಿಸಿ. ಅದು ಒಳಗೇ ನೀರು ಹಿಡಿದಿಟ್ಟುಕೊಂಡು ಹೊರಗೆ ಒಣಗಿದಂತೆ ತೋರಿಸುತ್ತದೆ.

ತಾಯಿಗಿಡವನ್ನು ಮರೆಯಬಾರದು. ಅದಕ್ಕೂ ಗಾಯವಾಗಿದೆ, ಅದಕ್ಕೂ ಒಣ ಮಣ್ಣು, ಒಂದು ವಾರದ ಉಪವಾಸ. ಎಲ್ಲ ಮರಿಗಳನ್ನೂ ಒಮ್ಮೆಲೇ ಕೀಳುವ ಬದಲು ಒಂದೆರಡನ್ನು ಜೊತೆಗೆ ಬಿಡುವುದು ನನ್ನ ರೂಢಿ. ತಾಯಿ ಎಲ್ಲಾದರೂ ಸೋತರೆ ವಂಶ ಅಲ್ಲೇ ಉಳಿಯುತ್ತದೆ, ಬಾಳೆಯಲ್ಲಿ ಕೂಳೆ ಬೆಳೆಗೆಂದು ಒಂದು ಕಂದು ಉಳಿಸುವಂತೆ.

ಹೀಗೆ ಮಾಡಿದರೆ ಎರಡು ಮೂರು ವರ್ಷದಲ್ಲಿ ಕಟ್ಟೆಯ ಮೇಲೆ ಜಾಗ ಸಾಲದಷ್ಟು ಕುಂಡಗಳಾಗುತ್ತವೆ. ಆಗ ಹೆಚ್ಚಾದ ಮರಿಗಳನ್ನು ಗುಡ್ಡದ ಕಡೆ ಎಸೆದು ಬರುವವರಿದ್ದಾರೆ, ಹೇಗೂ ಒಣ ನೆಲ, ಬೆಳೆದುಕೊಳ್ಳಲಿ ಎಂದು. ದಯವಿಟ್ಟು ಬೇಡ. ಇಂದು ಹಂಪಿಯ ಬಂಡೆಗಳ ನಡುವೆ ಸಹಜವೆಂಬಂತೆ ಕಾಣುವ ಪಾಪಾಸುಕಳ್ಳಿ, ಕತ್ತಾಳೆ ಎರಡೂ ಅಮೆರಿಕ ಖಂಡದಿಂದ ಬಂದವು. ಪಾಪಾಸುಕಳ್ಳಿ ದಕ್ಷಿಣ ಭಾರತದ ಹೊಲಗಳಲ್ಲಿ ಹಬ್ಬಿ, ಕೊನೆಗೆ 1920ರ ದಶಕದಲ್ಲಿ ಅದನ್ನು ತಿನ್ನುವ ಕೀಟವನ್ನೇ ತಂದು ಬಿಟ್ಟು ಹತೋಟಿಗೆ ತರಬೇಕಾಯಿತು. ಮಡಗಾಸ್ಕರ್ ಮೂಲದ ಕಾಡುಬಸಳೆಯ ಬಳಗ ಆಸ್ಟ್ರೇಲಿಯಾದಲ್ಲಿ ಇಂದಿಗೂ ಪೀಡೆ. ತುಂಡಿನಿಂದ, ಮರಿಯಿಂದ ಸುಲಭವಾಗಿ ಬದುಕುವ ಗುಣ ಕುಂಡದಲ್ಲಿ ವರ, ಗುಡ್ಡದಲ್ಲಿ ಹಾಗಲ್ಲ.

ಆ ಗುಡ್ಡಗಳಿಗೆ ಅವುಗಳದೇ ಸಕ್ಯುಲೆಂಟ್‌ಗಳಿವೆ. ಕಮಲಾಪುರದಿಂದ ದರೋಜಿಯವರೆಗಿನ ಕುರುಚಲು ಕಾಡಿನಲ್ಲಿ, 1994ರಲ್ಲಿ ಕರಡಿಧಾಮವೆಂದು ಘೋಷಿಸಿದ ಆ ನೆಲದಲ್ಲಿ, ಬಂಡೆ ಸಂದಿಯ ಪೊದೆಗಳ ಮರೆಯಲ್ಲಿ ಬೆರಳಿನಷ್ಟು ದಪ್ಪದ, ನಾಲ್ಕು ಮೂಲೆಯ, ಎಲೆಯೇ ಇಲ್ಲದಂತಿರುವ ಕ್ಯಾರಲ್ಲೂಮ ಸಿಗುತ್ತದೆ. ಹಸಿವು ತಗ್ಗಿಸುವ ಗುಳಿಗೆಗಳಿಗಾಗಿ ಇದರ ಬಳಗದ ಸಾರಕ್ಕೆ ಪೇಟೆಯಲ್ಲಿ ಬೇಡಿಕೆ ಇದೆ, ಹಾಗಾಗಿ ಕೀಳುವ ಕೈಗಳೂ ಇವೆ. ಮನೆಯ ಕುಂಡಕ್ಕೆಂದು ಇದನ್ನು ಕಿತ್ತು ತರುವುದು ಬೇಡ, ಕರಡಿಧಾಮದೊಳಗಿಂದ ತರುವುದು ಕಾನೂನಿಗೂ ವಿರುದ್ಧ. ನಿಮ್ಮಲ್ಲಿ ಹೆಚ್ಚಾದ ಲೋಳೆಸರದ ಮರಿಗಳನ್ನು ಶಾಲೆಯ ಅಂಗಳಕ್ಕೆ, ಅಂಗನವಾಡಿಗೆ, ಪಕ್ಕದ ಮನೆಗೆ ಕುಂಡಸಮೇತ ಕೊಡಿ. ಯಾರೂ ಬೇಡವೆಂದರೆ ಸಣ್ಣಗೆ ಕೊಚ್ಚಿ ಗೊಬ್ಬರದ ಗುಂಡಿಯ ತಳಕ್ಕೆ ಹಾಕಿ ಮೇಲೆ ಮಣ್ಣು ಮುಚ್ಚಿ, ಕೊಚ್ಚದೆ ಹಾಕಿದರೆ ಅಲ್ಲಿಯೂ ಬೇರು ಬಿಡುತ್ತದೆ.